ಇಂಗ್ಲಿಷ್ ಯಾವ ಸಿಲಬಸ್‌ನಲ್ಲಿ ಚೆನ್ನಾಗಿ ಬರುತ್ತೆ? ಮಲೆನಾಡಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪರೀಕ್ಷೆ ಮುಗಿದು ಮದುವೆ ಸೀಸನ್ ಶುರುವಾದರೆ ಸಾಕು, ಎಲ್ಲಿ ಹೋದರೂ ನನಗೆ ಇದೇ ಪ್ರಶ್ನೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರು ಕೇಳುತ್ತಾರೆ. "ಟೀಚರ್, ಮಗೂನ ಎಲ್ಲಿಗೆ ಹಾಕೋದು? ಸ್ಟೇಟಾ, ಸಿಬಿಎಸ್‌ಇನಾ?" ನಾನು ತೀರ್ಥಹಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಅಣ್ಣನ ಮಗಳು ಶಿವಮೊಗ್ಗದಲ್ಲಿ ಸಿಬಿಎಸ್‌ಇ ಓದಿದಳು. ತಂಗಿಯ ಮಗ ಬೆಂಗಳೂರಿನಲ್ಲಿ ಐಸಿಎಸ್‌ಇ. ಒಂದು ಬೇಸಿಗೆ ರಜೆಯಲ್ಲಿ ಮೂರೂ ಕಡೆಯ ಪುಸ್ತಕ, ಪ್ರಶ್ನೆಪತ್ರಿಕೆಗಳನ್ನು ಜಗಲಿಯ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡಿದೆ. ಅಲ್ಲಿಂದ ಹುಟ್ಟಿದ ಉತ್ತರಗಳು ಇವು.

ಮೂರು ಬೋರ್ಡ್‌ಗಳ ಹತ್ತನೇ ತರಗತಿ ಇಂಗ್ಲಿಷ್ ಪರೀಕ್ಷೆಯಲ್ಲಿ ವ್ಯತ್ಯಾಸ ಏನು?

ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಮಕ್ಕಳಿಗೆ ಇಂಗ್ಲಿಷ್ ದ್ವಿತೀಯ ಭಾಷೆ. ಒಟ್ಟು 100 ಅಂಕ. 80 ಬರವಣಿಗೆ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಗದ್ಯ, ಪದ್ಯ, ಸಪ್ಲಿಮೆಂಟರಿ ಪಾಠ, ಗ್ರಾಮರ್, ಪತ್ರ, ಪ್ರಬಂಧ, ಚಿತ್ರ ನೋಡಿ ಬರೆಯುವುದು, ನೋಡದ ಗದ್ಯಭಾಗ ಓದಿ ಉತ್ತರಿಸುವುದು, ಪದ್ಯದ ಸಾಲು ಬಾಯಿಪಾಠದಿಂದ ಬರೆಯುವುದು, ಎಲ್ಲ ಇರುತ್ತದೆ.

ಸಿಬಿಎಸ್‌ಇಯಲ್ಲೂ ಒಂದೇ ಪೇಪರ್, ಅದೇ 80 ಮತ್ತು 20. ಆ 80ರಲ್ಲಿ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ 20, ಬರವಣಿಗೆ ಮತ್ತು ಗ್ರಾಮರ್‌ಗೆ 20, ಪಾಠ-ಪದ್ಯಗಳಿಗೆ 40.

ಐಸಿಎಸ್‌ಇ ದಾರಿಯೇ ಬೇರೆ. ಅಲ್ಲಿ ಎರಡು ಪೇಪರ್. ಭಾಷೆಗೆ ಒಂದು, ಸಾಹಿತ್ಯಕ್ಕೆ ಒಂದು, ಎರಡಕ್ಕೂ ತಲಾ 80. ಭಾಷೆಯ ಪೇಪರಿನಲ್ಲಿ ಪಠ್ಯಪುಸ್ತಕದ ಪ್ರಶ್ನೆಯೇ ಇಲ್ಲ. 300ರಿಂದ 350 ಪದಗಳ ಪ್ರಬಂಧಕ್ಕೆ 20, ಪತ್ರಕ್ಕೆ 10, ನೋಟಿಸ್ ಮತ್ತು ಇಮೇಲ್‌ಗೆ 10, ಗದ್ಯಭಾಗಕ್ಕೆ 20, ಗ್ರಾಮರ್‌ಗೆ 20. ಸಾಹಿತ್ಯದ ಪೇಪರಿಗೆ ಶೇಕ್ಸ್‌ಪಿಯರನ ಒಂದು ನಾಟಕವನ್ನು ಇಡಿಯಾಗಿ ಓದಬೇಕು. ಇಂಗ್ಲಿಷ್ ಪಾಸಾಗದೆ ಅಲ್ಲಿ ಪಾಸ್ ಸರ್ಟಿಫಿಕೇಟೇ ಇಲ್ಲ.

ಪ್ರಬಂಧ ಒಂದನ್ನೇ ನೋಡಿ. ಸಿಬಿಎಸ್‌ಇ ಮಗು ಸುಮಾರು 100-120 ಪದಗಳ ಪ್ಯಾರಾಗ್ರಾಫ್ ಬರೆದರೆ ಸಾಕು. ಐಸಿಎಸ್‌ಇ ಮಗು ಅದರ ಮೂರು ಪಟ್ಟು ಬರೆಯಬೇಕು. ಅಷ್ಟುದ್ದ ಬರೆಯಬೇಕಾದರೆ ಬಾಯಿಪಾಠ ಕೈ ಹಿಡಿಯುವುದಿಲ್ಲ. ಅಲ್ಲಿಯ ಮಕ್ಕಳು ಬರವಣಿಗೆಯಲ್ಲಿ ಗಟ್ಟಿಯಾಗುವುದಕ್ಕೆ ಇದು ಮುಖ್ಯ ಕಾರಣ.

ಹಾಗಾದರೆ ಅಂಕಗಳನ್ನು ಹೋಲಿಸಬಹುದಾ? ನಮ್ಮ ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ 92, ಭಾವನ ಮಗನಿಗೆ ಐಸಿಎಸ್‌ಇಯಲ್ಲಿ 81.

ಹೋಲಿಸಬೇಡಿ. ಒಬ್ಬಳು ದ್ವಿತೀಯ ಭಾಷೆಯಾಗಿ ಬರೆದಿದ್ದಾಳೆ. ಇನ್ನೊಬ್ಬ ಮನೆ ಭಾಷೆಯ ಮಟ್ಟ ಅಂದುಕೊಂಡು ಇಟ್ಟ ಪತ್ರಿಕೆ ಬರೆದಿದ್ದಾನೆ. ಅಡಿಕೆಯನ್ನೂ ಮೆಣಸನ್ನೂ ಒಂದೇ ರೇಟಿಗೆ ತೂಗಲು ಆಗುತ್ತದಾ? ನೆಂಟರ ಮುಂದೆ ಮಕ್ಕಳ ಅಂಕ ಎತ್ತಿ ಆಡುವುದನ್ನು ದಯವಿಟ್ಟು ಬಿಡಿ. ಆ ಹೊತ್ತಿಗೆ ಮಗುವಿನ ಮುಖ ನೋಡಿದವರಿಗೆ ನಾನು ಯಾಕೆ ಹೀಗೆ ಹೇಳುತ್ತೇನೆ ಅಂತ ಗೊತ್ತಾಗುತ್ತದೆ.

ಎಸ್ಸೆಸ್ಸೆಲ್ಸಿಯಲ್ಲೇ ಎರಡು ತರಹದ ಇಂಗ್ಲಿಷ್ ಇದೆಯಂತೆ, ಹೌದಾ?

ಹೌದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡರೆ 125 ಅಂಕ: 100 ಬರವಣಿಗೆ, 25 ಆಂತರಿಕ. ದ್ವಿತೀಯ ಭಾಷೆಯಾದರೆ 100. ಪುಸ್ತಕ ಬೇರೆ, ಪತ್ರಿಕೆಯ ಮಟ್ಟವೂ ಬೇರೆ. ಇಂಗ್ಲಿಷ್ ಮೀಡಿಯಂ ಅಂದ ಮಾತ್ರಕ್ಕೆ ಇಂಗ್ಲಿಷೇ ಪ್ರಥಮ ಭಾಷೆ ಅಂತಲ್ಲ. ಮೀಡಿಯಂ ಇಂಗ್ಲಿಷ್ ಇದ್ದು ಪ್ರಥಮ ಭಾಷೆ ಕನ್ನಡ ಇರುವ ಶಾಲೆ ನಮ್ಮ ಕಡೆ ಬೇಕಾದಷ್ಟಿವೆ. ಸೇರಿಸುವಾಗಲೇ ಕೇಳಿಕೊಳ್ಳಿ.

ಮಗನಿಗೆ ಇಂಗ್ಲಿಷ್‌ನಲ್ಲಿ 85 ಬಂದಿದೆ. ಆದರೆ ನಾಲ್ಕು ಮಾತಾಡು ಅಂದರೆ ಬಾಯಿ ಬಿಡಲ್ಲ. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನನಗೆ ಅತ್ಯಂತ ಹತ್ತಿರದ ಪ್ರಶ್ನೆಯೂ ಹೌದು.

ಒಂದು ವರ್ಷ ಪ್ರಿಪರೇಟರಿ ಪರೀಕ್ಷೆಯ ಪೇಪರ್ ತಿದ್ದುತ್ತಿದ್ದೆ. ಊರಿನ ರಸ್ತೆ ಹಾಳಾಗಿದೆ, ರಿಪೇರಿ ಮಾಡಿಸಿ ಅಂತ ಪಂಚಾಯಿತಿಗೆ ಪತ್ರ ಬರೆಯಬೇಕಿತ್ತು. ಒಬ್ಬ ಹುಡುಗ ಮುತ್ತಿನಂಥ ಅಕ್ಷರದಲ್ಲಿ ಅಕ್ಕನ ಮದುವೆಗೆ ಮೂರು ದಿನ ರಜೆ ಕೊಡಿ ಅಂತ ಬರೆದಿದ್ದ. ಒಂದು ಕಾಗುಣಿತ ತಪ್ಪಿಲ್ಲ. ದಿನಾಂಕ, ವಿಳಾಸ, ಸಹಿ ಎಲ್ಲ ಜಾಗದಲ್ಲಿ. ಅವನಿಗೆ ಅಕ್ಕನೇ ಇಲ್ಲ. ಗೈಡ್‌ನಲ್ಲಿದ್ದ ಒಂದು ಪತ್ರ ಬಾಯಿಪಾಠ ಮಾಡಿದ್ದ, ಏನೇ ಕೇಳಲಿ ಅದನ್ನೇ ಬರೆಯುವುದು ಅಂತ ನಿರ್ಧಾರ ಮಾಡಿದ್ದ.

ಮಾರನೇ ದಿನ ಅವನನ್ನು ಕೂರಿಸಿಕೊಂಡು ಕನ್ನಡದಲ್ಲಿ ಕೇಳಿದೆ. "ನಿಮ್ಮೂರ ರಸ್ತೆ ಹೇಗಿದೆಯೋ?" ಹುಡುಗ ನಿಲ್ಲಿಸಲೇ ಇಲ್ಲ. ಮಳೆಗಾಲದಲ್ಲಿ ಹಳ್ಳ ದಾಟುವ ಕಾಲುಸಂಕ ಕೊಚ್ಚಿಕೊಂಡು ಹೋಗುವುದು, ಎರಡು ಮೈಲಿ ಸುತ್ತಿ ಬರುವುದು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಜೀಪು ಕೆಸರಲ್ಲಿ ಹೂತದ್ದು. "ಇದನ್ನೇ ಬರಿ" ಅಂದೆ. "ಇದನ್ನ ಬರೀಬಹುದಾ ಟೀಚರ್?" ಅಂದ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಹತ್ತು ವರ್ಷ ಇಂಗ್ಲಿಷ್ ಓದಿದ ಹುಡುಗನಿಗೆ ತನ್ನ ಮಾತನ್ನು ಆ ಭಾಷೆಯಲ್ಲಿ ಹೇಳಬಹುದು ಅಂತಲೇ ಗೊತ್ತಿರಲಿಲ್ಲ. ಅವತ್ತು ಇಬ್ಬರೂ ಸೇರಿ ಐದು ವಾಕ್ಯ ಮಾಡಿದೆವು. ಅದರಲ್ಲಿ ಮೂರು ತಪ್ಪಿದ್ದವು. ಆದರೆ ಐದೂ ಅವನವೇ.

ಕಾರಣ ಸರಳ. ಪರೀಕ್ಷೆಯಲ್ಲಿ ಏನಿದೆಯೋ ತರಗತಿಯಲ್ಲಿ ಅದೇ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಮುಖ್ಯ ಪರೀಕ್ಷೆಯಲ್ಲಿ ಕೇಳುವುದಕ್ಕೂ ಮಾತಾಡುವುದಕ್ಕೂ ಒಂದಂಕವೂ ಇಲ್ಲ. ಜನವರಿ ಬಂದರೆ ಬ್ಲೂಪ್ರಿಂಟ್ (ಯಾವ ಪಾಠಕ್ಕೆ ಎಷ್ಟು ಅಂಕ ಅನ್ನುವ ಪಟ್ಟಿ), ಮಾಡೆಲ್ ಪೇಪರ್, ಪಾಸಿಂಗ್ ಪ್ಯಾಕೇಜ್ (ಪಾಸಾಗಲು ಬೇಕಾದಷ್ಟೇ ಪಾಠ). ನಾನೂ ಅದನ್ನೇ ಮಾಡುತ್ತೇನೆ, ಮಕ್ಕಳು ಪಾಸಾಗಬೇಕಲ್ಲ. ಮಾತಿಗೆ ಹೊತ್ತು ಸಿಗುವುದು ಜೂನ್‌ನಿಂದ ಡಿಸೆಂಬರ್ ಒಳಗೆ ಮಾತ್ರ.

ಸಿಬಿಎಸ್‌ಇ, ಐಸಿಎಸ್‌ಇಯಲ್ಲಿ ಮಾತಾಡುವುದಕ್ಕೂ ಅಂಕ ಇದೆಯಾ?

ಇದೆ. ಸಿಬಿಎಸ್‌ಇಯಲ್ಲಿ 20 ಆಂತರಿಕ ಅಂಕದ ಒಳಗೆ 5 ಅಂಕ ಕೇಳುವ ಮತ್ತು ಮಾತಾಡುವ ಚಟುವಟಿಕೆಗೆ. ಐಸಿಎಸ್‌ಇ ಭಾಷಾ ಪೇಪರಿನ ಆಂತರಿಕ 20 ಪೂರ್ತಿ ಅದಕ್ಕೇ. ಎರಡೂ ಶಾಲೆಯಲ್ಲೇ ನಡೆಯುತ್ತವೆ. ಹಾಗಾಗಿ ಶಾಲೆ ಮನಸ್ಸಿಟ್ಟು ಮಾಡಿದರೆ ಉಂಟು, ಇಲ್ಲವಾದರೆ ಬರೀ ಕಾಗದದ ಮೇಲೆ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಮಾಡುತ್ತಾರೆ?

ದಕ್ಷಿಣ ಕೊರಿಯಾದ ಕಥೆಯನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ಅಲ್ಲಿ ಹನ್ನೆರಡನೇ ತರಗತಿ ಮುಗಿಸುವವರಿಗೆ ನವೆಂಬರ್‌ನಲ್ಲಿ ಕಾಲೇಜು ಪ್ರವೇಶ ಪರೀಕ್ಷೆ. ಇಂಗ್ಲಿಷ್‌ನಲ್ಲಿ 45 ಪ್ರಶ್ನೆ. ಅದರಲ್ಲಿ 17 ಕೇಳಿ ಉತ್ತರಿಸುವಂಥವು. ಆ ಕೇಳುವ ಭಾಗ ನಡೆಯುವಷ್ಟು ಹೊತ್ತು ದೇಶದಲ್ಲಿ ವಿಮಾನ ಏರುವುದಿಲ್ಲ, ಇಳಿಯುವುದಿಲ್ಲ. ಮಕ್ಕಳಿಗೆ ಸದ್ದಾಗಬಾರದು ಅಂತ!

ಇದನ್ನು ಹೇಳುವಾಗ ನಮ್ಮ ಶಾಲೆಯ ಜುಲೈ ತಿಂಗಳು ಕಣ್ಣ ಮುಂದೆ ಬರುತ್ತದೆ. ತಗಡಿನ ಶೀಟಿನ ಮೇಲೆ ಮಳೆ ಹೊಯ್ದರೆ ಮೊದಲ ಬೆಂಚಿನ ಮಕ್ಕಳಿಗೂ ನನ್ನ ದನಿ ಕೇಳುವುದಿಲ್ಲ. ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತೇನೆ. ಮಳೆ ಜೋರಾದರೆ ಡಿಸಿಯವರು ರಜೆ ಕೊಡುತ್ತಾರೆ, ಆ ಪಾಠ ಆಮೇಲೆ ಶನಿವಾರ ಮುಗಿಸಬೇಕು. ಅದಕ್ಕೇ ಕೇಳುವ ಪಾಠಗಳನ್ನೆಲ್ಲ ನಾನು ದೀಪಾವಳಿ ಆದ ಮೇಲೆ ಇಟ್ಟುಕೊಳ್ಳುತ್ತೇನೆ. ಫೋನಿಗೊಂದು ಸಣ್ಣ ಸ್ಪೀಕರ್ ಸಿಕ್ಕಿಸಿ ಎರಡು ನಿಮಿಷದ ಮಾತು ಕೇಳಿಸುವುದು, ಮೂರು ಪ್ರಶ್ನೆ ಕೇಳುವುದು. ಮಲೆನಾಡಿನ ಶಾಲೆಗೆ ಬೇರೆ ಕ್ಯಾಲೆಂಡರ್ ಬೇಕು ಅಂತ ನನಗೆ ಬಹಳ ಸಲ ಅನಿಸಿದೆ.

ಜಪಾನಿನಲ್ಲಿ 2021ರಿಂದ ನಡೆಯುತ್ತಿರುವ ವಿಶ್ವವಿದ್ಯಾಲಯ ಪ್ರವೇಶದ ಸಾಮಾನ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಓದಿಗೆ 100, ಕೇಳುವುದಕ್ಕೆ 100. ನೆದರ್ಲೆಂಡ್ಸ್‌ನಲ್ಲಿ ವಿಶ್ವವಿದ್ಯಾಲಯದ ಕಡೆಗೆ ಓದುವ ಮಕ್ಕಳಿಗೆ ದೇಶಕ್ಕೆಲ್ಲ ಒಂದೇ ಇರುವ ಪರೀಕ್ಷೆ ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ. ಬರೆಯುವುದು, ಮಾತಾಡುವುದನ್ನು ಆಯಾ ಶಾಲೆಯೇ ಪರೀಕ್ಷಿಸುತ್ತದೆ. ಇಂಗ್ಲೆಂಡಿನಲ್ಲಿ ಹದಿನಾರರ ಮಕ್ಕಳ ಇಂಗ್ಲಿಷ್ ಭಾಷಾ ಪರೀಕ್ಷೆಯಲ್ಲಿ ಮಾತಿನ ಫಲಿತಾಂಶವನ್ನು ಬೇರೆಯಾಗಿ ನಮೂದಿಸುತ್ತಾರೆ, ಒಟ್ಟು ಗ್ರೇಡ್‌ಗೆ ಸೇರಿಸುವುದಿಲ್ಲ. ಇಂಗ್ಲಿಷಿನ ತವರಲ್ಲೇ ಮಾತಿಗೆ ಹೇಗೆ ಅಂಕ ಕೊಡಬೇಕು ಅನ್ನುವುದು ಸುಲಭದ ವಿಷಯವಲ್ಲ ಅಂತಾಯ್ತು.

ಯುರೋಪಿನವರು 2001ರಲ್ಲಿ ಭಾಷಾ ಕಲಿಕೆಗೆ ಎ1ರಿಂದ ಸಿ2ವರೆಗೆ ಆರು ಮೆಟ್ಟಿಲು ಮಾಡಿದರು. ಅದರಲ್ಲಿ ನನಗೆ ಇಷ್ಟವಾಗುವುದು ಒಂದೇ. ಪ್ರತಿ ಮೆಟ್ಟಿಲಿನ ವಿವರಣೆಯೂ "ಇವರು ಇಂಥದ್ದನ್ನು ಮಾಡಬಲ್ಲರು" ಅಂತ ಶುರುವಾಗುತ್ತದೆ. ತನ್ನ ಪರಿಚಯ ಹೇಳಬಲ್ಲರು, ದಾರಿ ಕೇಳಬಲ್ಲರು, ಹೀಗೆ. ನಾನೂ ಒಂಬತ್ತನೇ ತರಗತಿಯ ಗೋಡೆಗೆ ಅಂಥದೊಂದು ಪಟ್ಟಿ ಅಂಟಿಸಿದ್ದೇನೆ. ಬಸ್ಸಿನ ಟೈಮ್ ಕೇಳಬಲ್ಲೆ. ಔಷಧಿ ಚೀಟಿಯ ಮೇಲಿರುವುದನ್ನು ಓದಬಲ್ಲೆ. ನಮ್ಮ ಮನೆಗೆ ದಾರಿ ಹೇಳಬಲ್ಲೆ. ಆದದ್ದಕ್ಕೆ ಮಕ್ಕಳೇ ಟಿಕ್ ಹಾಕುತ್ತಾರೆ.

ಸ್ಟೇಟ್ ಸಿಲಬಸ್‌ನ ಇಂಟರ್ನಲ್ 20 ಅಂಕ ಸುಮ್ನೆ ಕೊಡ್ತಾರೆ ಅಲ್ವಾ?

ಸುಮ್ನೆ ಕೊಡುವ ಕಡೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ವ್ಯವಸ್ಥೆ ಹಾಗಿಲ್ಲ. ವರ್ಷದಲ್ಲಿ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಪಾಠದ ನಡುನಡುವೆ ಮಗು ಎಷ್ಟು ಕಲಿತಿದೆ ಅಂತ ನೋಡುವುದು. ಪ್ರತಿಯೊಂದರಲ್ಲೂ ಚಟುವಟಿಕೆ ಮತ್ತು ಕಿರುಪರೀಕ್ಷೆ. ಎಲ್ಲ ಸೇರಿಸಿ 20ಕ್ಕೆ ಇಳಿಸುತ್ತೇವೆ. ಆ ಚಟುವಟಿಕೆಯೇ ನಮಗಿರುವ ಒಂದು ಕಿಂಡಿ. ಅಲ್ಲಿ ಮಾತಾಡಿಸಬಹುದು, ನಾಟಕ ಆಡಿಸಬಹುದು, ಸಂದರ್ಶನ ಮಾಡಿಸಬಹುದು. ಚಾರ್ಟ್ ಪೇಪರಿಗೆ ಚಿತ್ರ ಅಂಟಿಸಿ ಮುಗಿಸಲೂಬಹುದು. ನಿಮ್ಮ ಮಗು ರಾತ್ರಿ ಹತ್ತಕ್ಕೆ "ಅಮ್ಮಾ, ಚಾರ್ಟ್ ಪೇಪರ್" ಅಂತ ಕೇಳಿದರೆ, ನಾಳೆ ಅದರ ಬಗ್ಗೆ ಕ್ಲಾಸಲ್ಲಿ ಏನು ಮಾತಾಡ್ತೀಯ ಅಂತ ಒಂದು ಸಲ ಕೇಳಿ ನೋಡಿ.

ಗ್ರಾಮರ್ ತಲೆಗೇ ಹೋಗುತ್ತಿಲ್ಲ. ಅದರಲ್ಲೂ ಪ್ಯಾಸಿವ್ ವಾಯ್ಸ್.

"ರಾಮ ಈಟ್ಸ್ ಎ ಮ್ಯಾಂಗೋ, ಎ ಮ್ಯಾಂಗೋ ಈಸ್ ಈಟನ್ ಬೈ ರಾಮ." ಹೀಗೆ ಕಲಿಸಿದರೆ ಯಾರ ತಲೆಗೂ ಹೋಗದು. ಮಾವಿನ ಹಣ್ಣು ರಾಮನಿಂದ ತಿನ್ನಲ್ಪಟ್ಟಿತು ಅಂತ ಯಾರು ಮಾತಾಡುತ್ತಾರೆ?

ನಾನು ಅದನ್ನು ಅಡಿಕೆ ಸುಗ್ಗಿಯಲ್ಲಿ ಮಾಡುತ್ತೇನೆ. ಡಿಸೆಂಬರ್‌ನಲ್ಲಿ ಅರ್ಧ ಮಕ್ಕಳ ಬೆರಳು ಕಪ್ಪಾಗಿರುತ್ತದೆ, ಸಂಜೆ ಮನೆಯಲ್ಲಿ ಅಡಿಕೆ ಸುಲಿಯಲು ಮೆಟ್ಟುಗತ್ತಿ ಮುಂದೆ ಕೂತಿರುತ್ತಾರೆ. "ಅಡಿಕೆ ಮರದಿಂದ ಮಂಡಿಗೆ ಹೋಗುವವರೆಗೆ ಏನೇನಾಗುತ್ತದೆ ಹೇಳಿ" ಅನ್ನುತ್ತೇನೆ. ಕೊನೆ ಕೊಯ್ಯುತ್ತಾರೆ, ಸುಲಿಯುತ್ತಾರೆ, ಹಂಡೆಯಲ್ಲಿ ಬೇಯಿಸುತ್ತಾರೆ, ಒಣಗಿಸುತ್ತಾರೆ, ಆರಿಸುತ್ತಾರೆ. ಯಾರು ಮಾಡಿದರು ಅನ್ನುವುದು ಇಲ್ಲಿ ಮುಖ್ಯವಲ್ಲ, ಅಡಿಕೆಗೆ ಏನಾಯಿತು ಅನ್ನುವುದು ಮುಖ್ಯ. ಪ್ಯಾಸಿವ್ ಇರುವುದೇ ಅದಕ್ಕೆ. ದಿ ನಟ್ಸ್ ಆರ್ ಪೀಲ್ಡ್, ದಿ ನಟ್ಸ್ ಆರ್ ಬಾಯಿಲ್ಡ್. ಒಂದು ಪಿರಿಯಡ್‌ನಲ್ಲಿ ಬೋರ್ಡ್ ತುಂಬುತ್ತದೆ.

ಒಂದು ಸಲ ಒಬ್ಬಳು ಹುಡುಗಿ ಎದ್ದು ನಿಂತು "ಟೀಚರ್, ಚೊಗರಿಗೆ ಇಂಗ್ಲಿಷಲ್ಲಿ ಏನು?" ಅಂದಳು. ಚೊಗರು ಅಂತಲೇ ಬರಿ, ಅದು ಏನು ಅಂತ ಒಂದು ವಾಕ್ಯದಲ್ಲಿ ವಿವರಿಸು ಅಂದೆ. ಅಡಿಕೆ ಬೇಯಿಸಿದ ಕೆಂಪು ನೀರು, ಅದನ್ನು ಅಡಿಕೆಗೆ ಬಣ್ಣ ಬರಲು ಬಳಸುತ್ತಾರೆ ಅಂತ ಒದ್ದಾಡಿಕೊಂಡು ಇಂಗ್ಲಿಷಿನಲ್ಲಿ ಬರೆದಳು. ಆ ವರ್ಷ ನಾನು ಓದಿದ ವಾಕ್ಯಗಳಲ್ಲಿ ನನಗೆ ಅದೇ ಅಚ್ಚುಮೆಚ್ಚು.

ಏಳರವರೆಗೆ ಕನ್ನಡ ಮೀಡಿಯಂ. ಎಂಟಕ್ಕೆ ಶಿವಮೊಗ್ಗದ ಇಂಗ್ಲಿಷ್ ಮೀಡಿಯಂಗೆ ಹಾಕಬಹುದಾ?

ಹಾಕಬಹುದು. ಎರಡು ವಿಷಯ ಯೋಚಿಸಿ ಹಾಕಿ.

ಮೊದಲನೆಯದು, ಕಷ್ಟವಾಗುವುದು ಇಂಗ್ಲಿಷ್ ಪಾಠವಲ್ಲ, ವಿಜ್ಞಾನ ಮತ್ತು ಗಣಿತದ ಪದಗಳು. ಅಂಶ-ಛೇದ ಗೊತ್ತಿದ್ದ ಮಗು ನ್ಯೂಮರೇಟರ್-ಡಿನಾಮಿನೇಟರ್ ಅಂದಾಗ ಬೆಚ್ಚುತ್ತದೆ. ದ್ಯುತಿಸಂಶ್ಲೇಷಣೆ ಚೆನ್ನಾಗಿ ವಿವರಿಸುವವಳು ಫೋಟೋಸಿಂಥಸಿಸ್ ಅಂದರೆ ಸುಮ್ಮನಾಗುತ್ತಾಳೆ. ಬೇಸಿಗೆ ರಜೆಯಲ್ಲಿ ಏಳನೇ ತರಗತಿಯ ಎರಡೂ ಮೀಡಿಯಂ ಪುಸ್ತಕ ಪಕ್ಕಪಕ್ಕ ಇಟ್ಟು, ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿ ಪದ ಬರೆಸಿ. ದಿನಕ್ಕೆ ಹತ್ತು ಸಾಕು.

ಎರಡನೆಯದನ್ನು ಜನ ತಡವಾಗಿ ತಿಳಿದುಕೊಂಡು ಕೈ ಹಿಸುಕಿಕೊಳ್ಳುತ್ತಾರೆ. ಸಿಇಟಿ ಸೀಟಿಗೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮದ ಮೀಸಲಾತಿ ಶೇ 5 ಇದೆ. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು, ಮೊದಲನೆಯದಕ್ಕೆ ಗ್ರಾಮೀಣ ಪ್ರದೇಶದಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ. ಎಂಟಕ್ಕೆ ಪೇಟೆಗೆ ಹೋದರೆ ಆ ಲೆಕ್ಕ ಅಲ್ಲಿಗೆ ಮುಗಿಯಿತು. ನಿಮ್ಮ ಮಗುವಿಗೆ ಅದು ಬೇಕಾಗುತ್ತದಾ ಅಂತ ಮೊದಲೇ ಕೂತು ಮಾತಾಡಿ.

ನವೋದಯ ಹೇಗೆ?

ಶಿವಮೊಗ್ಗ ಹತ್ತಿರದ ಗಾಜನೂರಿನ ನವೋದಯ ಕೇಂದ್ರ ಸರ್ಕಾರದ ವಸತಿ ಶಾಲೆ, ಸಿಲಬಸ್ ಸಿಬಿಎಸ್‌ಇ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಸೇರಬೇಕು, ಕನ್ನಡದಲ್ಲೇ ಬರೆಯಬಹುದು. ನವೋದಯಗಳಲ್ಲಿ ಮೊದಲ ಕೆಲವು ವರ್ಷ ಪ್ರಾದೇಶಿಕ ಭಾಷೆಯ ಆಸರೆ ಇಟ್ಟು ಆಮೇಲೆ ಇಂಗ್ಲಿಷಿಗೆ ದಾಟಿಸುತ್ತಾರೆ. ಹಳ್ಳಿ ಮಕ್ಕಳಿಗೆ ಇದು ಒಳ್ಳೆಯ ಕ್ರಮ ಅಂತ ನನ್ನ ಅಭಿಪ್ರಾಯ. ಸೀಟು ಕಡಿಮೆ, ಸ್ಪರ್ಧೆ ಜಾಸ್ತಿ.

ಕನ್ನಡ ಜಾಸ್ತಿ ಓದಿದರೆ ಇಂಗ್ಲಿಷ್ ಕೆಡುತ್ತದಾ? ಸಿಬಿಎಸ್‌ಇಗೆ ಹಾಕಿದರೆ ಕನ್ನಡ ಬಿಡಬಹುದಾ?

ಬಿಡುವಂತಿಲ್ಲ. ಕರ್ನಾಟಕದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಕನ್ನಡ ಕಲಿಸಬೇಕು ಅಂತ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಹೇಳುತ್ತದೆ.

ಕೆಡುತ್ತದಾ ಅಂತ ಕೇಳಿದರೆ ನಮ್ಮ ಸುತ್ತಲೇ ಉತ್ತರ ಇದೆ. ಮೇಳಿಗೆಯ ಅನಂತಮೂರ್ತಿಯವರು ತೀರ್ಥಹಳ್ಳಿಯಲ್ಲಿ ಓದಿದವರು, ಬರ್ಮಿಂಗ್‌ಹ್ಯಾಮ್‌ನಲ್ಲಿ ಪಿಎಚ್‌ಡಿ ಮಾಡಿದರು, ಇಂಗ್ಲಿಷ್ ಮೇಷ್ಟ್ರಾಗಿದ್ದರು. ಕೊನಗವಳ್ಳಿಯ ಲಂಕೇಶರೂ ಇಂಗ್ಲಿಷ್ ಮೇಷ್ಟ್ರೇ. ಇಬ್ಬರೂ ಬರೆದದ್ದು ಕನ್ನಡದಲ್ಲಿ. ನನ್ನ ತರಗತಿಯಲ್ಲೂ ನೋಡಿದ್ದೇನೆ. ಲೈಬ್ರರಿಯ ಕನ್ನಡ ಕಥೆ ಪುಸ್ತಕ ಕೆಳಗಿಡದ ಮಗು ಇಂಗ್ಲಿಷ್ ಗದ್ಯಭಾಗದಲ್ಲೂ ಬೇಗ ಅರ್ಥ ಹಿಡಿಯುತ್ತದೆ. ಗೊತ್ತಿಲ್ಲದ ಪದ ಬಂದರೆ ಹಿಂದೆ ಮುಂದೆ ನೋಡಿ ಊಹಿಸುವ ಅಭ್ಯಾಸ ಅದಕ್ಕೆ ಕನ್ನಡದಲ್ಲೇ ಆಗಿರುತ್ತದೆ.

ಒಂದನೇ ತರಗತಿಯಿಂದ ಇಂಗ್ಲಿಷ್ ಸರ್ಕಾರಿ ಶಾಲೆಯಲ್ಲೂ ಇದೆಯಾ?

ಇದೆ, 2007-08ರಿಂದ. ನಮ್ಮ ಕಾಲದಲ್ಲಿ ಐದನೇ ಕ್ಲಾಸಿಗೆ ಎಬಿಸಿಡಿ. 2019-20ರಲ್ಲಿ ರಾಜ್ಯದ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗವೂ ಶುರುವಾಯಿತು.

ಪಿಯುಸಿಗೆ ಬಂದರೆ ಸ್ಟೇಟ್ ಮಕ್ಕಳು ಹಿಂದೆ ಬೀಳುತ್ತಾರಾ?

ಮೊದಲ ಮೂರು ತಿಂಗಳು ಒದ್ದಾಡುತ್ತಾರೆ, ನಿಜ. ಆದರೆ ಪಿಯು ಇಂಗ್ಲಿಷ್ ಎಲ್ಲರಿಗೂ ಒಂದೇ ಪತ್ರಿಕೆ, ಅಲ್ಲೂ 80 ಮತ್ತು 20. ಸಿಇಟಿ, ನೀಟ್ ರ‍್ಯಾಂಕಿಗೆ ಇಂಗ್ಲಿಷ್ ಭಾಷೆಯ ಅಂಕ ಸೇರುವುದಿಲ್ಲ. ನೀಟ್ ಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಸೈನ್ಸ್ ತೆಗೆದುಕೊಂಡ ಕನ್ನಡ ಮೀಡಿಯಂ ಮಕ್ಕಳು ಮೊದಲ ಟೆಸ್ಟ್‌ನಲ್ಲಿ ಕಡಿಮೆ ಅಂಕ ಬಂತು ಅಂತ ಹೆದರಿ ವಿಷಯ ಬದಲಾಯಿಸಬೇಡಿ. ದಸರಾವರೆಗೆ ತಡೆಯಿರಿ.

ಇಂಗ್ಲಿಷ್ ಒಂದರಲ್ಲಿ ಫೇಲ್ ಆದರೆ ವರ್ಷ ಹೋಯಿತಾ?

ಇಲ್ಲ. ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತವೆ. ಸಿಬಿಎಸ್‌ಇ ಹತ್ತಕ್ಕೆ 2026ರಿಂದ ಎರಡು. ಮಗುವನ್ನು ಬೈಯುವ ಮೊದಲು ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿ ನೋಡಿ.

ಶಾಲೆ ನೋಡಲು ಹೋದಾಗ ಏನು ಕೇಳಬೇಕು?

ಬೋರ್ಡ್ ಯಾವುದು ಅನ್ನುವುದಕ್ಕಿಂತ ಮೊದಲು ಒಂಬತ್ತನೇ ತರಗತಿಯ ಯಾವುದಾದರೂ ಒಂದು ಇಂಗ್ಲಿಷ್ ನೋಟ್‌ಬುಕ್ ತೋರಿಸಿ ಅಂತ ಕೇಳಿ. ನಿಮಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ಪಕ್ಕದಲ್ಲಿ ಇನ್ನೊಂದು ಮಗುವಿನ ನೋಟ್‌ಬುಕ್ ಇಟ್ಟುಕೊಳ್ಳಿ. ಎರಡರಲ್ಲೂ ಪ್ರತಿ ಉತ್ತರ ಒಂದೇ ತರಹ ಇದ್ದರೆ ಕರಿಹಲಗೆ ನೋಡಿ ಬರೆದದ್ದು. ಉತ್ತರ ಬೇರೆ ಬೇರೆ ಇದ್ದು, ಕೆಂಪು ಇಂಕಿನ ಗುರುತು ಇದ್ದರೆ ಅಲ್ಲಿ ಯಾರೋ ಆ ಮಗುವಿನ ವಾಕ್ಯವನ್ನು ಕೂತು ಓದಿದ್ದಾರೆ. ದೊಡ್ಡ ಕಟ್ಟಡದ ಎಷ್ಟೋ ಶಾಲೆಯಲ್ಲಿ ಮೊದಲನೆಯದನ್ನು ಕಂಡಿದ್ದೇನೆ. ಹೆಂಚಿನ ಮಾಡಿನ ಶಾಲೆಯಲ್ಲಿ ಎರಡನೆಯದನ್ನೂ ಕಂಡಿದ್ದೇನೆ.

ಒಂದು ಸೆಕ್ಷನ್‌ಗೆ ಎಷ್ಟು ಮಕ್ಕಳು ಅಂತಲೂ ಕೇಳಿ. ಅರವತ್ತು ಮಕ್ಕಳಿರುವ ಕಡೆ ಪ್ರತಿಯೊಬ್ಬರನ್ನೂ ಮಾತಾಡಿಸಲು ಯಾವ ಟೀಚರ್‌ಗೂ ಆಗದು.

ನಮಗೆ ಇಂಗ್ಲಿಷ್ ಬರಲ್ಲ. ಮನೆಯಲ್ಲಿ ಏನು ಮಾಡೋದು?

ನಿಮಗೆ ಬರದಿರುವುದೇ ಅನುಕೂಲ. "ಇವತ್ತು ಓದಿದ ಪಾಠ ನನಗೆ ಕನ್ನಡದಲ್ಲಿ ಹೇಳು" ಅನ್ನಿ. ಕಥೆ ಹೇಳಲು ಬಂದರೆ ಪಾಠ ಅರ್ಥವಾಗಿದೆ, ಬರದಿದ್ದರೆ ಬರೀ ಓದಿದ್ದಾಳೆ. ಆಮೇಲೆ ಅದೇ ಕಥೆಯನ್ನು ಇಂಗ್ಲಿಷಿನಲ್ಲಿ ಮೂರು ವಾಕ್ಯದಲ್ಲಿ ಹೇಳಿಸಿ. ತಪ್ಪು ಹಿಡಿಯಲು ನಿಮಗೆ ಬರುವುದಿಲ್ಲವಲ್ಲ, ಮಗು ಧೈರ್ಯವಾಗಿ ಹೇಳುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳ ಅಮ್ಮ ಸಂಜೆ ದೋಸೆಗೆ ರುಬ್ಬುವಾಗ ಇದನ್ನೇ ಮಾಡಿಸುತ್ತಿದ್ದರು. ಹೋದ ವರ್ಷ ಸಿಕ್ಕಿದಾಗ, "ಈಗ ಅವಳು ಎಲ್ಲಿ ನಿಲ್ಲಿಸಿ ಯೋಚನೆ ಮಾಡ್ತಾಳೆ ಅಂತ ನಂಗೂ ಗೊತ್ತಾಗುತ್ತೆ ಟೀಚರ್" ಅಂದರು.